ಬಾಲವಿಲ್ಲದ ವೈರಸ್‌ಗಳು ಬಲೆಗೆ ಬಿದ್ದ ಬಗೆ

ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ನಾನು ಫೇಜ್‌ಗಳನ್ನು, ಅಂದರೆ ಬ್ಯಾಕ್ಟೀರಿಯಾಗಳಿಗೆ ಸೋಂಕು ತಗುಲಿಸುವ ವೈರಸ್‌ಗಳನ್ನು, ಬೇರ್ಪಡಿಸಲು ಕಲಿತೆ. ನೀರಿನ ಮಾದರಿಯನ್ನು ಬ್ಯಾಕ್ಟೀರಿಯಾದೊಂದಿಗೆ ಜೆಲ್ಲಿಯಂಥ ಮೆದು ಅಗರ್‌ನಲ್ಲಿ ಬೆರೆಸಿ ತಟ್ಟೆಗೆ ಸುರಿದರೆ, ಮರುದಿನ ಮಬ್ಬಾಗಿ ಹಬ್ಬಿದ ಬ್ಯಾಕ್ಟೀರಿಯಾದ ನಡುವೆ ವೈರಸ್ ಕೊಂದ ಜಾಗಗಳು ತಿಳಿಯಾದ ಚುಕ್ಕೆಗಳಾಗಿ ಕಾಣುತ್ತವೆ, ಇವೇ ಪ್ಲಾಕ್‌ಗಳು. ಉಳಿದ ಬ್ಯಾಕ್ಟೀರಿಯಾ ಸಾಯಲೆಂದು ದ್ರವಕ್ಕೆ ಕ್ಲೋರೋಫಾರ್ಮ್ ಹಾಕುವುದು ನಮಗೆ ರೂಢಿಯಾಗಿತ್ತು. ಕೊಬ್ಬಿನ ಪೊರೆಯುಳ್ಳ ವೈರಸ್‌ಗಳನ್ನೂ ಅದು ಹಾಳುಮಾಡುತ್ತದೆ ಎಂಬುದರ ಮಹತ್ವ ನನಗೆ ಮನವರಿಕೆಯಾದದ್ದು ಬಹಳ ತಡವಾಗಿ, 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧವನ್ನು ಓದಿದ ಮೇಲೆ.

ನೈಸರ್ಗಿಕ ನೀರಿನ ಒಂದು ಮಿಲಿಲೀಟರ್‌ನಲ್ಲಿ 25 ಕೋಟಿಯವರೆಗೆ ವೈರಸ್ ಕಣಗಳಿರಬಹುದೆಂದು ನಾರ್ವೆಯ ಬರ್ಗೆನ್‌ನ ಸಂಶೋಧಕರು 1989ರಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೋರಿಸಿದ್ದರು. ಪ್ರಯೋಗಾಲಯಗಳಲ್ಲಿ ಬೆಳೆಸಿದ ಫೇಜ್‌ಗಳಲ್ಲಿ ಬಹುಪಾಲಿಗೆ ಬಾಲವಿತ್ತು, ಅಂದರೆ ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡು ಡಿಎನ್ಎಯನ್ನು ಒಳಸೇರಿಸುವ ಕೊಳವೆಯಂಥ ಭಾಗ. ಆದರೆ ಸಮುದ್ರದ ಮೇಲ್ಪದರದ ನೀರನ್ನು ನೇರವಾಗಿ ನೋಡಿದ 2013ರ ಅಧ್ಯಯನದಲ್ಲಿ ಬಾಲವಿಲ್ಲದ ಕಣಗಳೇ ಹೆಚ್ಚಾಗಿದ್ದವು. ಹಾಗಿದ್ದರೆ ಅವು ನಮ್ಮ ತಟ್ಟೆಗಳಿಗೆ ಏಕೆ ಬರುತ್ತಿರಲಿಲ್ಲ?

ನಾನು ಓದಿದ ಆ 2018ರ ಪ್ರಬಂಧದ ಪ್ರಕಾರ, ಉತ್ತರದ ಒಂದು ಭಾಗ ಅಮೆರಿಕದ ಮ್ಯಾಸಚೂಸೆಟ್ಸ್ ತೀರದ ನಹಾಂಟ್‌ನಲ್ಲಿ ದೊರೆಯಿತು. ಕ್ಯಾಥರಿನ್ ಕೌಫ್ಮನ್, ಮಾರ್ಟಿನ್ ಪೋಲ್ಜ್ ಮತ್ತು ಸಂಗಡಿಗರು 2010ರಲ್ಲಿ ಅಲ್ಲಿ ಸಂಗ್ರಹಿಸಿದ ನೀರಿನಿಂದ ವಿಬ್ರಿಯೋ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ, ಬಾಲವಿಲ್ಲದ ಒಂದು ಹೊಸ ವೈರಸ್ ಕುಟುಂಬವನ್ನು ಗುರುತಿಸಿದರು. ಇವುಗಳ ಪ್ಲಾಕ್ ಮೂಡಲು ಹೆಚ್ಚು ಕಾಲ ಬೇಕು, ಆದ್ದರಿಂದ ಬೇಗನೆ ತಟ್ಟೆ ನೋಡಿ ಎತ್ತಿಟ್ಟವರಿಗೆ ಇವು ಕಾಣುವುದೇ ಇಲ್ಲ. ಡಿಎನ್ಎಗೆ ಪ್ರೋಟೀನ್ ಅಂಟಿಕೊಂಡಿರುವುದರಿಂದ, ಪ್ರೋಟೀನನ್ನು ಕರಗಿಸುವ ಕಿಣ್ವವನ್ನು ಬಳಸದಿದ್ದರೆ ಜೀನೋಮ್ (ವೈರಸ್‌ನ ಇಡೀ ಡಿಎನ್ಎ) ಕೈಗೆ ಸಿಗದೆ ತಪ್ಪಿಹೋಗುತ್ತದೆ. ಅದೂ ಸುಮಾರು 10 ಸಾವಿರ ಅಕ್ಷರಗಳಷ್ಟು ಪುಟ್ಟ ಜೀನೋಮ್. ಹಿಡಿತಕ್ಕೆ ಸಿಗದ ಗ್ರೀಕ್ ಪುರಾಣದ ಕಳ್ಳ ಆಟೋಲಿಕಸ್‌ನ ಹೆಸರಿನಿಂದ ಕುಟುಂಬವನ್ನು ಆಟೋಲಿಕಿವಿರಿಡೇ ಎಂದು ಕರೆದದ್ದು ನನಗೆ ಬಹಳ ಸರಿಯೆನಿಸಿತು.

ನನ್ನನ್ನು ಹೆಚ್ಚು ಕಾಡಿದ್ದು ಇವುಗಳ ಬೇಟೆಯ ವ್ಯಾಪ್ತಿ. ಬಾಲವಿರುವ ವೈರಸ್ ಸರಾಸರಿ ಒಂದೇ ಪ್ರಭೇದದ ಎರಡು ತಳಿಗಳನ್ನು ಕೊಂದರೆ, ಇವು ನಾಲ್ಕು ಪ್ರಭೇದಗಳ 34 ತಳಿಗಳನ್ನು ಕೊಲ್ಲುತ್ತಿದ್ದವು. ಅಂದರೆ ಲೆಕ್ಕದಿಂದ ಹೊರಗುಳಿದದ್ದು ಅತ್ಯಲ್ಪ ಪಾತ್ರ ವಹಿಸುವ ಗುಂಪಲ್ಲ.

ಬಾಲವಿಲ್ಲದ ಸಮುದ್ರ ಫೇಜ್ ಪೂರ್ತಿ ಹೊಸದೂ ಆಗಿರಲಿಲ್ಲ. ಚಿಲಿಯ ಕರಾವಳಿಯ ನೀರಿನಿಂದ ಎಸ್ಪೆಹೋ ಮತ್ತು ಕನೆಲೊ 1968ರಲ್ಲಿ ವರ್ಣಿಸಿದ ಪಿಎಂ2, ಕೊಬ್ಬಿನ ಪೊರೆಯಿರುವುದೆಂದು ತಿಳಿದುಬಂದ ಮೊದಲ ಫೇಜ್.

ವರ್ಗೀಕರಣವನ್ನೂ ಈ ಹಿನ್ನೆಲೆಯಲ್ಲೇ ನೋಡಬೇಕು. ಬಾಲದ ಆಕಾರವನ್ನು ಆಧರಿಸಿದ ಮಯೋವಿರಿಡೇ, ಸಿಫೋವಿರಿಡೇ, ಪೋಡೋವಿರಿಡೇ ಕುಟುಂಬಗಳನ್ನು ಅಂತರರಾಷ್ಟ್ರೀಯ ವೈರಸ್ ವರ್ಗೀಕರಣ ಸಮಿತಿಯು 2022ರಲ್ಲಿ ರದ್ದುಗೊಳಿಸಿತು, ಏಕೆಂದರೆ ಒಂದೇ ಬಗೆಯ ಬಾಲವಿರುವ ಫೇಜ್‌ಗಳು ಜೀನೋಮ್‌ನ ದೃಷ್ಟಿಯಿಂದ ಪರಸ್ಪರ ದೂರದವಾಗಿದ್ದವು. ಆಟೋಲಿಕಿವೈರಸ್‌ಗಳ ಹೊರಕವಚದ ಪ್ರೋಟೀನಿನ ಮಡಿಕೆಯಾದರೋ, ಅಂದರೆ ಅದು ಮಡಚಿಕೊಂಡಿರುವ ಆಕಾರ, ಮನುಷ್ಯರಲ್ಲಿ ನೆಗಡಿ ತರುವ ಅಡೆನೋವೈರಸ್‌ನದನ್ನು ಹೋಲುತ್ತದೆ. ಆ ಮಡಿಕೆಯನ್ನೇ ಗುರುತಾಗಿ ಹಿಡಿದು ಹುಡುಕಿದಾಗ, ಇಂಥ ವೈರಸ್‌ಗಳ ಸುಳಿವು ಹಲವು ಪ್ರಮುಖ ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ (ಬ್ಯಾಕ್ಟೀರಿಯಾದಂತೆ ಕಾಣುವ, ಆದರೆ ಬೇರೆಯೇ ವಂಶದ ಏಕಕೋಶ ಜೀವಿಗಳು) ಗುಂಪುಗಳ ಜೀನೋಮ್‌ಗಳಲ್ಲೂ ಸಮುದ್ರತಳದ ಕೆಸರಿನಲ್ಲೂ ಕಾಣಿಸಿತು.