ತೇಗವೆಂದು ಮಾರಿದ ಮಂಚ

ಮೈಸೂರು, 14 ಜೂನ್ 2025, ಶನಿವಾರ

ಎದುರು ಮನೆಯ ದಂಪತಿ ಸಂಕ್ರಾಂತಿಯ ಹೊತ್ತಿಗೆ ತೇಗದ್ದೆಂದು ನಂಬಿ 42,000 ರೂಪಾಯಿಗೆ ಕೊಂಡ ಮಂಚದ ಕಾಲುಗಳು ಊದಿಕೊಂಡು, ಒಳಗಿನ ಪುಡಿಹಲಗೆ (ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಉದುರತೊಡಗಿರುವುದರಿಂದ, ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಸಲ್ಲಿಸಬೇಕಾದ ದೂರಿನ ಕರಡನ್ನು ಇಂದು ಅವರೊಂದಿಗೆ ಕುಳಿತು ಬರೆದೆ. ನೆಲ ಒರೆಸುವಾಗ ನೀರು ತಗುಲಿದ್ದೇ ಕಾರಣವೆಂಬುದು ಅಂಗಡಿಯವರ ವಾದ. ನೆಲ ಒರೆಸದ ಮನೆಗೆಂದೇ ಮಂಚ ಮಾಡುವವರು ಅದನ್ನು ಮೊದಲೇ ಹೇಳಬಹುದಿತ್ತು!

ನಿಜವಾದ ತೊಡಕಿರುವುದು ಬಿಲ್ಲಿನಲ್ಲಿ. ಅದರಲ್ಲಿ ‘ಮಂಚ 1’ ಎಂದಷ್ಟೇ ಇದೆ, ಮರದ ಹೆಸರಿಲ್ಲ. ತೇಗವೆಂದು ಹೇಳಿದ್ದು ಬಾಯಿಮಾತಿನಲ್ಲಿ ಮಾತ್ರವೇ ಆಗಿದ್ದರೆ ಸಾಬೀತುಪಡಿಸುವುದು ಕಷ್ಟವಾಗುತ್ತಿತ್ತು. ಪುಣ್ಯಕ್ಕೆ ಮುಂಗಡ ಕೊಡುವ ಮೊದಲು ಅಂಗಡಿಯ ಹುಡುಗ ವಾಟ್ಸ್ಆಪ್‌ನಲ್ಲಿ ಕಳುಹಿಸಿದ ಚಿತ್ರದ ಕೆಳಗೆ ‘ಪ್ಯೂರ್ ಟೀಕ್’ ಎಂದಿದೆ. ಬಿಲ್ಲಿಗಿಂತ ಆ ಎರಡು ಪದಗಳ ಮೇಲೆಯೇ ನನಗೆ ಹೆಚ್ಚು ಭರವಸೆ. ಅವುಗಳ ಮುದ್ರಿತ ಪ್ರತಿಯನ್ನು ದೂರಿಗೆ ಲಗತ್ತಿಸಿ, ಮೂಲ ಸಂದೇಶವನ್ನು ಅಳಿಸದೆ ಫೋನಿನಲ್ಲಿಯೇ ಇಟ್ಟುಕೊಳ್ಳಲು ತಿಳಿಸಿದೆ. ದೋಷವನ್ನು ಪರೀಕ್ಷೆಯಿಲ್ಲದೆ ನಿರ್ಧರಿಸಲಾಗದಿದ್ದರೆ ಆಯೋಗವು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು; ಅದರ ಶುಲ್ಕವನ್ನು ದೂರುದಾರರೇ ಮೊದಲು ಕಟ್ಟಬೇಕಾಗುತ್ತದೆ. ಆದ್ದರಿಂದ ಉದುರಿದ ಚೂರುಗಳನ್ನೂ ಗುಡಿಸಿ ಎಸೆಯದೆ ತೆಗೆದಿರಿಸಲು ಹೇಳಿದೆ.

ಬಿಲ್ಲಿನ ಅಡಿಯಲ್ಲಿ ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂಬ ಸಾಲು ದಪ್ಪಕ್ಷರದಲ್ಲಿದೆ. ಅದನ್ನು ಓದಿಯೇ ಅನೇಕರು ಕೈಚೆಲ್ಲುತ್ತಾರೆ. ಆದರೆ 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯ ಪ್ರಕಾರ, ದೋಷಯುಕ್ತ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸಿರದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ.

“ಕೋರ್ಟು ಅಂದ್ರೆ ವಕೀಲರಿಗೇ ಮಂಚದಷ್ಟು ದುಡ್ಡು ಹೋಗಲ್ವಾ ಸಾರ್?” ಎಂದು ಆಕೆ ಕೇಳಿದರು. ಇಲ್ಲಿ ವಕೀಲರು ಕಡ್ಡಾಯವಲ್ಲ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ. ದೂರು ಸಲ್ಲಿಸಲು ಇರುವ ಎರಡು ವರ್ಷಗಳ ಗಡುವಿಗೂ ಸಾಕಷ್ಟು ಸಮಯವಿದೆ. ಅಂಗಡಿ ಬೆಂಗಳೂರಿನದಾದರೂ ದೂರುದಾರರು ವಾಸಿಸುವ ಮೈಸೂರಿನಲ್ಲಿಯೇ ದೂರು ಸಲ್ಲಿಸಬಹುದು. ಪರೀಕ್ಷೆ ಬೇಕಾದಲ್ಲಿ ಐದು ತಿಂಗಳೊಳಗೆ ತೀರ್ಮಾನವಾಗಬೇಕೆಂದು ಕಾಯಿದೆ ಹೇಳುತ್ತದೆಯಾದರೂ, ಅಷ್ಟರಲ್ಲೇ ಮುಗಿಯುವುದೆಂಬ ಆಸೆಯನ್ನು ನಾನು ಹುಟ್ಟಿಸಲಿಲ್ಲ.

ಮಾನಸಿಕ ಯಾತನೆಗೆ 5 ಲಕ್ಷ ಕೇಳಬೇಕೆಂದು ಯಜಮಾನರು ಹಟ ಹಿಡಿದಿದ್ದರು. ಮಂಚದ ಬೆಲೆ, ಅದರ ಮೇಲಿನ ಬಡ್ಡಿ, ದೂರಿನ ವೆಚ್ಚ ಮತ್ತು 10,000 ರೂಪಾಯಿ ಪರಿಹಾರಕ್ಕೆ ಕೊನೆಗೆ ಒಪ್ಪಿದ್ದಾರೆ. ಸೋಮವಾರ ಅಂಗಡಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಹೋಗುತ್ತದೆ. ಉತ್ತರಕ್ಕೆ 15 ದಿನ ಕೊಟ್ಟಿದ್ದೇವೆ.