ಮಗು ಹೇಳಿದ ‘ಉಪದ್ರ’, ನಾನು ಬರೆದ ‘ಉಪದ್ರವಿಚ್ಚು’

ಕೇರಳದ ಕಾಸರಗೋಡು ಜಿಲ್ಲೆಯ ಕನ್ನಡ ಶಾಲೆಯೊಂದರಲ್ಲಿ ಕೌನ್ಸೆಲರ್ ಆಗಿದ್ದೇನೆ. ಮಗುವಿನ ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಒಬ್ಬರು ತಾಯಿ ಎರಡನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಬಂದರು. ಮಗು ಯಾರ ಹತ್ತಿರ ಇರಬೇಕೆಂದು ಫ್ಯಾಮಿಲಿ ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು. ಭಾನುವಾರ ಮಾತ್ರ ಅಪ್ಪನ ಮನೆ. “ಹೇಳು ಮಗಾ, ಅಪ್ಪ ಏನು ಮಾಡಿದ್ರು ಅಂತ ಟೀಚರಿಗೆ ಹೇಳು” ಎಂದರು. ಮಗು ಅಮ್ಮನ ಮುಖ ನೋಡಿತು. “ಅಪ್ಪ ಉಪದ್ರ ಕೊಡ್ತಾರೆ” ಎಂದಿತು. ನಾನು ಮಲಯಾಳದ ವರದಿಯಲ್ಲಿ ‘ಉಪದ್ರವಿಚ್ಚು’ ಎಂದು ಬರೆದುಬಿಟ್ಟೆ.

ನಮ್ಮ ಕಡೆ ಸೊಳ್ಳೆಯದ್ದೂ ಉಪದ್ರ, ಪಕ್ಕದ ಮನೆ ನಾಯಿಯದ್ದೂ ಉಪದ್ರ. ಮಲಯಾಳದ ಕೇಸಿನ ಕಾಗದದಲ್ಲಿ ಆ ಮಾತಿನ ತೂಕವೇ ಬೇರೆ. ಅದನ್ನು ಓದಿದವರು ಹಿಂಸೆ, ಲೈಂಗಿಕ ದೌರ್ಜನ್ಯ ಅಂತಲೇ ತಿಳಿಯುತ್ತಾರೆ. ಅಮ್ಮನನ್ನು ಹೊರಗೆ ಕೂರಿಸಿ, “ಉಪದ್ರ ಅಂದ್ರೆ ಹೇಗೆ ಮಗಾ?” ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಆಮೇಲೆ ಪೊಲೀಸರು ಕೇಳಿದರು, ಡಾಕ್ಟರ್ ಕೇಳಿದರು, ಮ್ಯಾಜಿಸ್ಟ್ರೇಟರು ಕೇಳಿದರು. ಪ್ರತಿ ಸಲವೂ ಮಗುವಿನ ಮಾತು ಸ್ವಲ್ಪ ಸ್ವಲ್ಪ ಬೇರೆಯಾಯಿತು. ಅಪ್ಪನ ವಕೀಲರಿಗೆ ಅಷ್ಟೇ ಸಾಕಾಯಿತು. ಆ ಮಗುವಿಗೆ ನಿಜವಾಗಿ ಏನಾಗಿತ್ತು ಎನ್ನುವುದು ಯಾರಿಗೂ ತಿಳಿಯದೆ ಹೋಯಿತು. ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

“ಡಿವೋರ್ಸ್ ಕೇಸಲ್ವಾ, ಸುಮ್ನೆ ಹೇಳಿಸಿರ್ತಾರೆ” ಎನ್ನುವವರು ಸ್ಟಾಫ್ ರೂಮಿನಲ್ಲೇ ಇದ್ದಾರೆ. ನಾನು ಒಪ್ಪುವುದಿಲ್ಲ. ಹೇಳಿಸಿದ್ದೂ ಇರಬಹುದು. ಆದರೆ ಮನೆ ಬೇರೆಯಾದ ಮೇಲೇ ಬಾಯಿಬಿಡುವ ಧೈರ್ಯ ಬರುವ ಮಕ್ಕಳೂ ಇದ್ದಾರೆ. ದೇಹದ ಮೇಲೆ ಗುರುತಿಲ್ಲ ಅಂದ ಮಾತ್ರಕ್ಕೆ ಏನೂ ಆಗಿಲ್ಲ ಎಂದಲ್ಲ. ಲೈಂಗಿಕ ದೌರ್ಜನ್ಯದ ಸಂಶಯ ಬಂದರೆ ಮಕ್ಕಳ ರಕ್ಷಣೆಗಿರುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಕಸ್ಟಡಿ ಕೇಸು ಮುಗಿಯಲಿ ಅಂತ ಕಾಯುವ ಹಾಗಿಲ್ಲ. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಅದೇ ಸೆಕ್ಷನ್ನಿನಲ್ಲಿ ರಕ್ಷಣೆಯೂ ಇದೆ. ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ.

ಈಗ ಅಪ್ಪ, ಅಮ್ಮ ಹೇಳಿದ್ದನ್ನು ಬೇರೆ ಹಾಳೆಯಲ್ಲಿ ಬರೆಯುತ್ತೇನೆ. ಮಗುವಿನ ಹತ್ತಿರ “ಇಲ್ಲಿ ಮುಟ್ಟಿದ್ರಾ?” ಎಂದು ಕೇಳುವುದಿಲ್ಲ. “ಆಮೇಲೆ ಏನಾಯ್ತು?” ಎಂದು ಕೇಳಿ ಸುಮ್ಮನೆ ಕೂರುತ್ತೇನೆ. ಜಾಸ್ತಿ ಕೆದಕುವುದೂ ಇಲ್ಲ. ನನ್ನ ಪ್ರಶ್ನೆಯನ್ನೂ ಇದ್ದ ಹಾಗೇ ಬರೆದಿಡುತ್ತೇನೆ. ಹೇಳಿಕೆ ಬರೆಯುವ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ದುಭಾಷಿ ಕೊಡಬೇಕೆಂದು ಕಾಯ್ದೆಯಲ್ಲೇ ಇದೆ. ನಮ್ಮ ಮಕ್ಕಳಿಗೆ ಅದನ್ನು ಕೇಳಿ ಪಡೆಯಬೇಕು. ಮಗು ತುಳುವಿನಲ್ಲಿ ಹೇಳಿದರೆ ತುಳು, ಕನ್ನಡದಲ್ಲಿ ಹೇಳಿದರೆ ಕನ್ನಡ. ‘ಉಪದ್ರ’ ಎಂದರೆ ಕನ್ನಡ ಅಕ್ಷರದಲ್ಲೇ ‘ಉಪದ್ರ’. ಅದರ ಕೆಳಗೆ, ಮಗು ತಾನೇ ಬಿಡಿಸಿ ಹೇಳಿದ ಅರ್ಥ, ಮಲಯಾಳದಲ್ಲಿ.