ಸೆರಗು, ಅದರ ಗಂಟು, ಅದರ ಮಾತು

ಸೀರೆ ಅಂಗಡಿಗಳಲ್ಲಿ ಈಗ ಎಲ್ರೂ ಪಲ್ಲು ಅಂತಾರೆ. "ಪಲ್ಲು ನೋಡಿ ಮೇಡಂ ಎಷ್ಟು ಗ್ರ್ಯಾಂಡ್ ಆಗಿದೆ" ಅಂತ ಅಂಗಡಿಯವ್ರು ಬಿಡಿಸಿ ತೋರಿಸ್ತಾರೆ, ನಮ್ಮವ್ರೂ ಹೂಂ ಪಲ್ಲು ಚೆನ್ನಾಗಿದೆ ಅಂತಾರೆ, ನಂಗೆ ಮಾತ್ರ ಸಂಕಟ ಆಗತ್ತೆ, ಯಾಕಂದ್ರೆ ಸೆರಗು ಅನ್ನೋ ಅಷ್ಟು ಚೆಂದದ ಮಾತು ನಮ್ಮ ಬಾಯಲ್ಲೇ ಇದೆ.

ಸೆರಗು ಅಂದ್ರೆ ಮೊದಲಿಂದ್ಲೂ ಅಂಚು, ಕೊನೆ, ಬಟ್ಟೆ ತುದಿ ಅಂತ ಅರ್ಥ. ಸೀರೆದೇ ಆಗ್ಬೇಕು ಅಂತೇನಿಲ್ಲ. ಹಾನಗಲ್ ಥರದ ಊರುಗಳ ಬಗ್ಗೆ ಪೇಪರಲ್ಲಿ "ಮಲೆನಾಡಿನ ಸೆರಗಿನಲ್ಲಿರುವ" ಅಂತ ಬರೀತಾರಲ್ಲ, ಅಲ್ಲಿರೋದೂ ಇದೇ ಅರ್ಥ, ಪೂರ್ತಿ ಮಲೆನಾಡೂ ಅಲ್ಲ ಪೂರ್ತಿ ಬಯಲುಸೀಮೆನೂ ಅಲ್ಲ, ಘಟ್ಟದ ಮಳೆ ಬರ್ತಾ ಬರ್ತಾ ಕಮ್ಮಿ ಆಗೋ ಜಾಗ. ಸೀರೆ ವಿಷ್ಯಕ್ಕೆ ಬಂದ್ರೆ ಕೆಲವ್ರು ಅಂಚು ಸೆರಗು ಎರಡನ್ನೂ ಒಂದೇ ಮಾಡ್ತಾರೆ. ಉದ್ದಕ್ಕೂ ಮೇಲೆ ಕೆಳಗೆ ಹೋಗೋ ಬಾರ್ಡರು ಅಂಚು, ಕೊನೇಲಿ ಭುಜದ ಮೇಲಿಂದ ಇಳಿಬೀಳೋದು ಸೆರಗು.

ಆದ್ರೆ ಮನೇಲಿ ಆ ಸೆರಗು ಮಾಡೋ ಕೆಲಸ ಒಂದಾ ಎರಡಾ. ನಮ್ಮಜ್ಜಿ ಸೆರಗಿನ ತುದಿಲಿ ಯಾವಾಗ್ಲೂ ಒಂದು ಗಂಟು ಇರ್ತಿತ್ತು. ಬಸ್ಸಲ್ಲಿ ಕಂಡಕ್ಟರ್ ಬಂದು ನಿಂತ್ರೆ ಆ ಗಂಟನ್ನ ಹಲ್ಲಲ್ಲಿ ಕಚ್ಚಿ ಸಡಿಲ ಮಾಡಿ, ಒಳಗಿಂದ ನಾಲ್ಕು ಮಡಿಕೆ ಆಗಿರೋ ನೋಟು ತೆಗೆದು ಕೊಟ್ಟು, ಚಿಲ್ಲರೆ ತಗೊಂಡು, ಅಡಿಕೆ ಚೂರಿನ ಜೊತೆಗೇ ಮತ್ತೆ ಕಟ್ಟಿ, ತುದಿ ಎಳೆದು ಬಿಗಿ ಮಾಡಿ ಸೊಂಟಕ್ಕೆ ಸಿಗಿಸ್ಕೊಳ್ಳೋರು. ನೋಟಿಗೂ ಅಡಿಕೆ ವಾಸನೆ. ಪರ್ಸ್ ಅಂತ ಅವ್ರು ಇಟ್ಟಿದ್ದೇ ಇಲ್ಲ. ಮಗು ಮೂಗು ಒರೆಸೋದು, ಒಲೆ ಮೇಲಿನ ಪಾತ್ರೆ ಇಳಿಸೋದು, ಸೆಕೆಗೆ ಗಾಳಿ ಬೀಸ್ಕೊಳ್ಳೋದು, ತುಂತುರು ಮಳೆಗೆ ತಲೆ ಮೇಲೆ ಎಳ್ಕೊಳ್ಳೋದು, ಎಲ್ಲಾ ಅದ್ರಲ್ಲೇ. (ಕಾಟನ್ ಸೀರೆಲಿ ನಡೀತಿತ್ತು, ಈಗಿನ ಸಿಂಥೆಟಿಕ್ ಸೆರಗಲ್ಲಿ ಬಿಸಿ ಪಾತ್ರೆ ಹಿಡಿಯೋಕೆ ಖಂಡಿತ ಹೋಗ್ಬೇಡಿ, ಬೆಂಕಿ ಹತ್ತಿದ್ರೆ ಕರಗಿ ಮೈಗೆ ಅಂಟ್ಕೊಳ್ಳತ್ತೆ.)

ಉತ್ತರ ಕರ್ನಾಟಕದಲ್ಲಿ ಉಡಿ ತುಂಬೋದು, ಈ ಕಡೆ ಮಡಿಲು ತುಂಬೋದು ಅಂತೀವಲ್ಲ, ಅಲ್ಲೂ ಅಕ್ಕಿ ಕೊಬ್ಬರಿ ಬಟ್ಟಲು ಖಣ ಅಡಿಕೆ ಎಲ್ಲಾ ಬೀಳೋದು ಒಡ್ಡಿದ ಸೆರಗಿಗೇ, ಕೈಗಲ್ಲ. ಬಾಗಿನ ಕೊಡುವಾಗ್ಲೂ ಮೊರದ ಮೇಲೆ ಸೆರಗು ಮುಚ್ಚಿ ಕೊಡ್ತಾರೆ. ಸೆರಗೊಡ್ಡಿ ಬೇಡ್ತೀನಿ ಅನ್ನೋ ಮಾತಿಗೆ ಅಷ್ಟು ಭಾರ ಇರೋದು ಅದಕ್ಕೇ ಅನ್ಸತ್ತೆ, ಇದಕ್ಕಿಂತ ಕೆಳಗೆ ಇಳಿದು ಕೇಳೋಕಾಗಲ್ಲ ಅಂತ. ಅದೇ ಸೆರಗನ್ನ ಸೊಂಟಕ್ಕೆ ಸಿಗಿಸಿ ನಿಂತ್ಲು ಅಂದ್ರೆ ಕಥೆನೇ ಬೇರೆ, ಒಂದಾ ಕೆಲಸಕ್ಕೆ ಇಳಿದ್ಲು ಅಂತ, ಇಲ್ಲಾ ಜಗಳ ಶುರು ಅಂತ. ಅಮ್ಮನ ಸೆರಗು ಹಿಡ್ಕೊಂಡು ಓಡಾಡೋನು ಅನ್ನೋದನ್ನ ಮಗುಗೆ ಹೇಳಿದ್ರೆ ಮುದ್ದು, ಮದುವೆ ಆದ ಗಂಡಸಿಗೆ ಹೇಳಿದ್ರೆ ಬೈಗುಳ. ಸೆರಗು ಹಾಸೋದು ಅಂತ ಹೆಂಗಸರ ಬಗ್ಗೆ ಕೆಟ್ಟದಾಗಿ ಆಡೋ ಮಾತೂ ಇದೆ, ಅದನ್ನ ಯಾರು ಆಡಿದ್ರೂ ಅಲ್ಲೇ ತಡೀಬೇಕು ಅಂತ ನಾನು ಗಟ್ಟಿಯಾಗಿ ನಂಬಿದೀನಿ.

ಉಡೋ ರೀತಿನೂ ಊರಿಂದ ಊರಿಗೆ ಬೇರೆ. ನಮ್ಮಲ್ಲಿ ಎಡ ಭುಜದ ಮೇಲಿಂದ ಹಿಂದಕ್ಕೆ ಬಿಡ್ತೀವಿ. ಕೊಡಗಲ್ಲಿ ನೆರಿಗೆನೇ ಹಿಂದೆ, ಸೆರಗು ಎಡಗಡೆ ಕಂಕುಳ ಕೆಳಗಿಂದ ಬಂದು ಬಲ ಭುಜದ ಮೇಲೆ ನಿಲ್ಲತ್ತೆ.

ಇನ್ನು ಸೆರಗಿಗೇ ಹೆಸರಾದ ಸೀರೆ ಅಂದ್ರೆ ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆ. ಅದರ ಟೋಪ್ ತೆನಿ ಅನ್ನೋ ಸೆರಗು ಕೆಂಪು ಬಣ್ಣ, ಅದ್ರಲ್ಲಿ ಬಿಳಿ ವಿನ್ಯಾಸ, ಹಣಿಗೆ ಹಲ್ಲಿನ ಥರ ಒಂದು, ಜೋಳದ ತೆನೆ ಥರ ಒಂದು, ಕೋಟೆ ಗೋಡೆ ಥರ ಇನ್ನೊಂದು. ಸಾಂಪ್ರದಾಯಿಕವಾಗಿ ಮೈ ಹತ್ತಿ ಆದ್ರೂ ಸೆರಗು ಮಾತ್ರ ರೇಷ್ಮೆ. ಮೈಯ ಹಾಸು (ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟೋ ನೂಲು) ಬೇರೆ, ಸೆರಗಿನ ಹಾಸು ಬೇರೆ ಮಾಡ್ಕೊಂಡು, ಇದರ ಎಳೆನೂ ಅದರ ಎಳೆನೂ ಒಂದಕ್ಕೊಂದು ಕುಣಿಕೆ ಹಾಕಿ ಸೇರಿಸ್ತಾರೆ, ಅದಕ್ಕೆ ಕೊಂಡಿ ಅಂತಾರೆ. ಸಾವಿರಾರು ಎಳೆ, ಅದೂ ಪ್ರತಿ ಸೀರೆಗೂ ಹೊಸದಾಗಿ ಕೂಡಿಸ್ಬೇಕು. ಕೈಮಗ್ಗದ್ದು ಅಂತ ತಗೊಳ್ಳೋರು ಮೈ ಮುಗಿದು ಸೆರಗು ಶುರು ಆಗೋ ಗೆರೆ ತಿರುಗಿಸಿ ನೋಡಿ, ಬೆರಳಾಡಿಸಿ. ಆ ಒಂದು ಗೆರೆ ಹಿಂದೆ ಎಷ್ಟು ಜನರ ಕೈ ಇದೆ ಅಂತ ನೆನೆಸ್ಕೊಂಡ್ರೆ ನಂಗೆ ಚೌಕಾಸಿ ಮಾಡೋಕೆ ಮನಸೇ ಬರಲ್ಲ.

ಸೆರಗಿಂದ ಜೀವ ಹೋಗೋದೂ ಇದೆ, ಅದನ್ನ ಹೇಳ್ದೆ ಬಿಡೋಕಾಗಲ್ಲ. ಬೈಕ್ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತಾಗ ಗಾಳಿಗೆ ಹಾರಿದ ಸೆರಗು ಚಕ್ರಕ್ಕೆ ಸಿಕ್ಕಿದ್ರೆ ಕೂತವ್ರನ್ನ ಎಳೆದು ಬೀಳಿಸತ್ತೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮನೇ ಇದಕ್ಕಿದೆ, ಹಿಂದೆ ಕೂತವ್ರ ಬಟ್ಟೆ ಸಿಕ್ಕಾಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧಕ್ಕಿಂತ ಕಮ್ಮಿ ಇಲ್ಲದಂಗೆ ಮುಚ್ಚೋ ಸಾಧನ ಕಂಪನಿಯವ್ರೇ ಕೊಡ್ಬೇಕು ಅಂತ. ನಾವು ಸ್ಯಾರಿ ಗಾರ್ಡ್ ಅನ್ನೋದು ಅದನ್ನೇ. ಹುಡುಗ್ರು ಲುಕ್ ಹಾಳಾಗತ್ತೆ ಅಂತ ಹೊಸ ಗಾಡಿಯಿಂದ ಬಿಚ್ಚಿಸಿ ಹಾಕ್ತಾರೆ, ದಯವಿಟ್ಟು ಬಿಚ್ಚಬೇಡಿ, ಬಿಚ್ಚಿದ್ರೆ ಇವತ್ತೇ ವಾಪಸ್ ಹಾಕಿಸಿ, ಹಾಕಿಸಿದ್ಮೇಲೂ ಅಮ್ಮನೋ ಅಕ್ಕನೋ ಹಿಂದೆ ಕೂತಾಗ ಗೇರ್ ಹಾಕೋ ಮುಂಚೆ "ಸೆರಗು ಸುತ್ಕೊಂಡ್ಯಾ" ಅಂತ ಒಂದ್ಸಲ ಕೇಳಿ, ಅವ್ರು ಹೂಂ ಅಂದ್ಮೇಲೆ ಹೊರಡಿ.